ತುಳಸಿ ಕುಡಿದಷ್ಟು

ಊರಿಗೆ ಬರುವ ನೀರಿನಲ್ಲಿ ಮೊದಲ ಪಾಲು ಮರಗಳದ್ದು. ಮರ ಕುಡಿದು ಉಳಿದದ್ದಷ್ಟೇ ಮನೆಗೆ. ತಿಂಗಳಿಗೊಮ್ಮೆ ನೀರಿನ ಲೆಕ್ಕದ ಕಾಶವ್ವ ಬಂದು ಕಾಂಡಕ್ಕೆ ಕ್ಲಿಪ್ಪು ಹಚ್ಚಿ, ಒಳಗೆ ಏರುವ ನೀರು ಅಳೆದು ಬರೆಯುತ್ತಿದ್ದಳು. ಬರೆದಷ್ಟೇ ನೀರು ಮರದ ಬುಡಕ್ಕೆ ಹೋಗುತ್ತಿತ್ತು. ಅವಳು ಬರುವ ಮುಂಚೆ ಓಣಿಯವರೆಲ್ಲ ಎಲೆ ಹರಿದು ಮರ ಬೋಳಿಸುತ್ತಿದ್ದರು. ಬೋಳು ಮರ ಹೆಚ್ಚು ಕುಡಿಯದು. ಕಾಶವ್ವ ಕಂಡೂ ಕಾಣದಂತಿರುತ್ತಿದ್ದಳು.

ಈ ಸಲ ನೀಲಗಂಗವ್ವನ ಬೇವು ಮಾತ್ರ ಎಲೆ ತುಂಬಿಕೊಂಡು ನಿಂತಿತ್ತು. ದಿನಕ್ಕೆ ಹತ್ತು ಕೊಡ ಎಂದಿತು ಕ್ಲಿಪ್ಪು. ಮನೆಗೆ ಉಳಿಯುವುದು ಒಂದೇ ಕೊಡ.

"ಯಾಕಬೇ, ಎಲಿ ಹರೀಲಿಲ್ಲ?"

"ಮಗಳು ಬಾಣಂತಿ ಅದಾಳ. ತಗಡಿನ ಮನಿ. ಈ ನೆರಳೂ ಹೋದ್ರ ಕೂಸು ಬೇಯತೈತಿ."

"ಒಂದು ಕೊಡದಾಗ ಕೂಸಿಗೆ ಎರಿಯೂದು ಹೆಂಗ?"

ಒಳಗೆ ಕೂಸು ಅಳುತ್ತಲೇ ಇತ್ತು. ಕಾಶವ್ವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅತ್ತಿತ್ತ ನೋಡಿದವಳೇ ಕ್ಲಿಪ್ಪು ಬಿಚ್ಚಿ, ಕಟ್ಟೆಯ ಮೇಲಿನ ತುಳಸಿಯ ದಂಟಿಗೆ ಹಚ್ಚಿದಳು. ಅರ್ಧ ತಂಬಿಗೆ. ಬೇವಿನ ಹೆಸರಲ್ಲಿ ಅದನ್ನೇ ಬರೆದಳು.

"ಅಷ್ಟರಾಗ ಬೇವು ಬದುಕತೈತೇನವ್ವ?"

"ನಿಮ್ಮ ಪಾಲಿನಾಗಿಂದ ದಿನಾ ಅದಕ್ಕ ಹಾಕ್ರಿ. ಮರೀಬ್ಯಾಡ್ರಿ."

ಅವಸರದಲ್ಲಿ ಹೊರಬಿದ್ದವಳು ಓಣಿಯಲ್ಲೇ ನಿಂತುಬಿಟ್ಟಳು. ಎದುರು ಮನೆಯ ಫಕೀರವ್ವ, ಎಲ್ಲ ಕಂಡವಳಂತೆ, ತನ್ನ ಬೋಳು ಮರದ ಕೆಳಗೆ ತುಳಸಿ ಕುಂಡ ತಂದಿಟ್ಟು ಕಾಯುತ್ತಿದ್ದಳು. ಅವಳಾಚೆ, ಓಣಿಯ ಕೊನೆಯವರೆಗೂ, ಬಾಗಿಲು ಬಾಗಿಲಿನಿಂದ ಕುಂಡಗಳು ಹೊರಬರುತ್ತಿದ್ದವು.

"ನಾವೂ ಮರಕ್ಕ ದಿನಾ ಹಾಕತೀವಿ," ಎಂದಳು ಫಕೀರವ್ವ, ಕೇಳುವ ಮೊದಲೇ.

ಹಾಗೆಂದವಳ ತುಟಿಗಳು ಒಣಗಿ ಬಿರಿದಿದ್ದವು.