ಒಂದೇ ಕೈಯ ಎರಡು ಮನೆ

ಒಂದೇ ದಿನ, ಒಂದೇ ಅಂಚೆಯಲ್ಲಿ ಮೇಸ್ತ್ರಿಗೆ ಎರಡು ಕಾಗದ ಬಂದವು. ಎರಡೂ ಇಂಧನ ಉಳಿತಾಯ ಕಚೇರಿಯವು. ಮಗಳು ಮೊದಲನೆಯದನ್ನು ಓದಿದಳು: ನೀವು ಕಟ್ಟಿದ ಕಡಲ ದಂಡೆಯ ಮನೆ ಅತಿ ಕಡಿಮೆ ಕರೆಂಟು ಬಳಸಿ ಇನ್ನೂರು ಮನೆಗಳಲ್ಲಿ ಮೊದಲನೆಯದಾಗಿದೆ, ಅಭಿನಂದನೆಗಳು. ಮೇಸ್ತ್ರಿಗೆ ಹಾಲು ಕುಡಿದಷ್ಟು ಖುಷಿ. ಎರಡನೆಯದನ್ನು ಓದಿದಳು: ನೀವು ಕಟ್ಟಿದ ಬೆಟ್ಟದ ಮನೆಗೆ ಕೊನೆಯ ಸ್ಥಾನ, ನಿಮ್ಮ ಲೈಸೆನ್ಸನ್ನು ಏಕೆ ರದ್ದು ಮಾಡಬಾರದು, ತಿಳಿಸಿ.

“ಎರಡೂ ಒಂದೇ ಪ್ಲಾನು ಕಣೇ! ಅದೇ ಇಟ್ಟಿಗೆ, ಅದೇ ಕಿಟಕಿ, ಅದೇ ದಪ್ಪ ಗೋಡೆ!” ಮೇಸ್ತ್ರಿ ಕೂತಲ್ಲಿಂದ ಎದ್ದುಬಿಟ್ಟ. ಎತ್ತು ಏರಿಗೆ, ಕೋಣ ನೀರಿಗೆ ಅಂದ ಹಾಗಾಯಿತು.

ಅಷ್ಟರಲ್ಲಿ ಫೋನು. ಬೆಟ್ಟದ ಮನೆಯ ಒಡತಿ, ನಿವೃತ್ತ ಗಣಿತದ ಟೀಚರು.

“ಪಟ್ಟಿ ನೋಡಿದೆ ಕಣಯ್ಯ. ನೀನೇನೂ ಹೆದರಬೇಡ. ಬೆಳಿಗ್ಗೆಯಿಂದ ಹೀಟರ್ ಆರಿಸಿದೀನಿ, ಮೂರು ಕಂಬಳಿ ಹೊದ್ದಿದೀನಿ. ಮುಂದಿನ ಸಲ ಹೇಗೆ ಫಸ್ಟ್ ಬರಲ್ಲ ನೋಡೇಬಿಡ್ತೀನಿ!”

ಎಪ್ಪತ್ತೆಂಟು ವರ್ಷದ ಹಲ್ಲು ಕಟಕಟ ಅನ್ನುವುದು ಫೋನಿನಲ್ಲೇ ಕೇಳುತ್ತಿತ್ತು. “ದಮ್ಮಯ್ಯ, ಹೀಟರ್ ಹಾಕ್ಕೊಳ್ಳಿ ಟೀಚರ್, ಜೀವಕ್ಕಿಂತ ಹೆಸರು ಹೆಚ್ಚಾ?” ಎಂದು ಮೇಸ್ತ್ರಿ ಗೋಗರೆದ. “ನನ್ನ ಮನೆಯಿಂದ ನಿನ್ನ ಹೆಸರು ಹಾಳಾಗೋಕೆ ಬಿಡಲ್ಲ” ಎಂದು ಆಕೆ ಫೋನಿಟ್ಟೇಬಿಟ್ಟರು. ಅಪ್ಪ ಮಗಳು ಕಚೇರಿಗೆ ಓಡಿದರು.

“ಮೀಟರ್ ಸುಳ್ಳು ಹೇಳುತ್ತೇನ್ರಿ?” ಎಂದ ಅಧಿಕಾರಿ. “ಚಳಿಗಾಲಕ್ಕೆ ದಂಡೆ ಮನೇದು ಒಂಬೈನೂರ ಅರವತ್ತು ಯೂನಿಟ್ಟು. ಬೆಟ್ಟದ್ದು ಮೂರು ಸಾವಿರದ ಆರುನೂರು!”

“ಮೀಟರನ್ನ ಕೇಳಿದ್ರಿ ಸಾರ್, ಚಳೀನ ಕೇಳಲಿಲ್ಲ.” ಅಪ್ಪನ ಎಸ್ಟಿಮೇಟುಗಳನ್ನೆಲ್ಲ ಬರೆಯುವ ಮಗಳು ಕುರ್ಚಿ ಎಳೆದುಕೊಂಡಳು. “ಹವಾಮಾನದವರ ದಾಖಲೆ ತೆಗೀರಿ. ಮನೆಯೊಳಗೆ ಹದಿನೆಂಟು ಡಿಗ್ರಿ ಬೇಕು ಅಂತಿಟ್ಕೊಳ್ಳಿ. ಹೊರಗೆ ಎಂಟಿದ್ರೆ ಆವತ್ತಿನ ಚಳಿ ಹತ್ತು. ಹೀಗೇ ದಿನಾ ದಿನಾ ಕೂಡ್ತಾ ಹೋಗಿ.”

ಮೊದಮೊದಲು ಮೂಗು ಮುರಿದ ಅಧಿಕಾರಿ, ಅರ್ಧ ದಾರಿಯಲ್ಲಿ ಕ್ಯಾಲ್ಕ್ಯುಲೇಟರನ್ನು ತಾನೇ ಕಿತ್ತುಕೊಂಡ. ದಂಡೆಯ ಚಳಿ ಮುನ್ನೂರ ಇಪ್ಪತ್ತು. ಬೆಟ್ಟದ ಚಳಿ ಸಾವಿರದ ಇನ್ನೂರು. ಯೂನಿಟ್ಟನ್ನು ಚಳಿಯಿಂದ ಭಾಗಿಸಿದ. ದಂಡೆ ಮನೆಗೆ ಮೂರು. ಬೆಟ್ಟದ ಮನೆಗೆ... ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಒತ್ತಿದ. ಮೂರು!

“ಅಬ್ಬಬ್ಬಾ! ಎರಡೂ ಸಮ!” ಎಂದು ಎದ್ದು ನಿಂತವನು ಮರುಗಳಿಗೆಯಲ್ಲೇ ತಲೆ ಹಿಡಿದುಕೊಂಡ. “ನಮ್ಮನೆ ಎರಡನೇ ಸ್ಥಾನ ಅಂತ ಊರೆಲ್ಲಾ ಹೇಳ್ಕೊಂಡು ಬಂದಿದೀನಲ್ರೀ! ಅದೂ ದಂಡೇಲೇ ಇರೋದು!” ಮೂವರೂ ಬಿದ್ದು ಬಿದ್ದು ನಕ್ಕರು. ನಗುತ್ತಲೇ ಅವನು ಲೈಸೆನ್ಸಿನ ನೋಟಿಸನ್ನು ಹರಿದು ಹಾಕಿದ.

ಮೇಸ್ತ್ರಿ ಆಗಲೇ ಫೋನು ಹಚ್ಚಿದ್ದ. “ಟೀಚರ್, ಗೆದ್ವಿ! ದಂಡೆ ಮನೆ ಸಮಕ್ಕೆ ನಿಂತಿದೀವಿ! ಹೀಟರ್ ಹಾಕಿ!”

“ನನ್ನ ಸಮಾಧಾನಕ್ಕೆ ಕತೆ ಕಟ್ಟಬೇಡ. ಲೆಕ್ಕ ತೋರಿಸು.”

ಅಧಿಕಾರಿ ಫೋನು ಇಸಿದುಕೊಂಡು, ಬೋರ್ಡಿನ ಮುಂದೆ ನಿಂತ ಹುಡುಗನ ಹಾಗೆ ಒಪ್ಪಿಸಿದ: “ಯೂನಿಟ್ಟನ್ನ ಚಳಿಯಿಂದ ಭಾಗಿಸಿದ್ರೆ ದಂಡೆ ಮನೆಗೆ ಮೂರು ಬಂತು, ಟೀಚರ್. ನಿಮ್ಮದು ಮೂರು ಸಾವಿರದ ಆರುನೂರು ಯೂನಿಟ್ಟು. ಭಾಗಿಸು, ಬೆಟ್ಟದ ಚಳಿ, ಸಾವಿರದ ಇನ್ನೂರು.”

ಆ ಕಡೆ ಟೀಚರು ಬಾಯಲ್ಲೇ ಭಾಗಿಸಿದರು.

“ಮೂರು,” ಎಂದಿತು ನಡುಗುವ ದನಿ. ಹಿಂದೆಯೇ ‘ಟಕ್’ ಎಂದು ಸ್ವಿಚ್ಚಿನ ಸದ್ದು ಕೇಳಿಸಿತು.