ಚಳಿಗಾಲದ ಫ್ಯಾನು

ನಡುರಾತ್ರಿ ಅತ್ತೆಯ ಕೋಣೆಯಲ್ಲಿ ‘ಟಕ್’ ಎಂದಿತು. ಶೀಲಾಗೆ ಎಚ್ಚರವೇ ಇತ್ತು. ಫ್ಯಾನಿನ ಸ್ವಿಚ್ಚು. ಡಿಸೆಂಬರಿನ ಚಳಿಗೆ ದುಂಡಸಿ ಊರಿನ ನಾಯಿಗಳೂ ಬಣವೆಯ ಬುಡ ಸೇರಿದ್ದವು. ಶಾಲು ಹೊದ್ದು ಎದ್ದಳು.

ಅತ್ತೆ ಫಕ್ಕೀರವ್ವ ಫ್ಯಾನಿನ ಕೆಳಗೆ ಬರಿನೆಲದ ಮೇಲೆ ಕುಳಿತಿದ್ದಳು. ಬೆವರಿಗೆ ಕುಪ್ಪಸ ಬೆನ್ನಿಗೆ ಅಂಟಿತ್ತು.

“ಅತ್ತೀ, ಉರಿ ಪೂರಾ ಹೋತು ಅಂತ ಓಣಿಗೆಲ್ಲಾ ಹೇಳೀರಿ?”

“ಹೋಗೈತಿ. ಇದು ಸುಮ್ಮನ ಸೆಕಿ.”

ದೀಪಾವಳಿಯಿಂದ ಶೀಲಾ ಜೋಳದ ಹಿಟ್ಟಿಗೆ ತಮ್ಮ ಹೊಲದ ಸೋಯಾ ಕಾಳಿನ ಹಿಟ್ಟು ಬೆರೆಸಿ ಅತ್ತೆಗೆ ರೊಟ್ಟಿ ಬಡಿಯುತ್ತಿದ್ದಳು. ಮುಟ್ಟು ನಿಲ್ಲುವ ವಯಸ್ಸಿನ ಉರಿಗೆ ಅದು ಒಳ್ಳೆಯದೆಂದು ಓದಿದ್ದಳು. ಅದನ್ನೇ ತಿಂದ ಪಕ್ಕದ ಮನೆಯ ಹೇಮಾಗೆ ಗುಣವೂ ಕಂಡಿತ್ತು. “ಮಾರೋ ಕಾಳು ಮನಿಮಂದಿಗೆ ತಿನ್ಸಾಕ ಕಾಲೇಜ್ ಓದಬೇಕಿತ್ತೇನ?” ಎಂದು ಮಾವ ಅಜ್ಜಪ್ಪ ನಕ್ಕಾಗ, “ನನ್ನ ಉರಿ ಹೋತು, ನಿಮಗೇನ್ ಗೊತ್ತೈತ್ರಿ?” ಎಂದು ಬಾಯಿ ಮುಚ್ಚಿಸಿದವಳು ಫಕ್ಕೀರವ್ವನೇ.

ಈಗ ಅವಳು ದಿಂಬಿನ ಕೆಳಗಿಂದ ಡಬ್ಬಿಯೊಂದನ್ನು ತೆಗೆದಳು. ಸೋಯಾ ಸತ್ವದ ಗುಳಿಗೆಗಳು.

“ಹೇಮಾನ ಕಡಿಂದ ತರಿಸೇನಿ. ಮೊದಲ ಒಂದೊಂದು ನುಂಗಿದೆ, ಈಗ ಮೂರ್ಮೂರು. ಬಿತ್ತಿದ್ದು ಹುಟ್ಟಲಿಲ್ಲ ಅಂದ್ರ ಮತ್ತ ಬಿತ್ತೂದಿಲ್ಲೇನು?”

ಶೀಲಾ ಡಬ್ಬಿಯನ್ನು ಕೈಯಲ್ಲಿ ಬಿಗಿಯಾಗಿ ಹಿಡಿದಳು. “ಕಾಳಿನ ಗುಣ ಇದ್ದಂಗ ರಕ್ತಕ್ಕ ಸೇರಂಗಿಲ್ರಿ ಅತ್ತೀ. ಹೊಟ್ಟ್ಯಾಗ ಕಣ್ಣಿಗೆ ಕಾಣದ ಸಣ್ಣ ಜೀವ ಇರ್ತಾವ, ಅವು ಅದನ್ನ ಒಡದು ಹದಾ ಮಾಡಿ ಕೊಡಬೇಕು. ಎಲ್ಲಾರ ಹೊಟ್ಟ್ಯಾಗೂ ಅವು ಒಂದ ನಮೂನಿ ಇರಂಗಿಲ್ಲ. ಗುಳಿಗಿನೂ ಅದ ದಾರೀಲೆ ಹೋಗಬೇಕು. ಹೆಚ್ಚಿಗಿ ನುಂಗಿದ್ರ ಹೆಚ್ಚಿಗಿ ಹತ್ತೂದಿಲ್ಲ.”

“ಅಂದ್ರ ಹೇಮಾನ ಹೊಟ್ಟ್ಯಾಗ ಅದಾವು, ನನ್ನ ಹೊಟ್ಟ್ಯಾಗ ಇಲ್ಲ?” ಫಕ್ಕೀರವ್ವನ ಮುಖ ಸಣ್ಣದಾಯಿತು. “ಆಕಿಗೆ ಎಲ್ಲಾ ಮೊದಲ ಸಿಗ್ತಾವ ನೋಡು.”

“ಮುಂಜಾನೆ ಮೊದಲ್ನೇ ಬಸ್ಸಿಗೆ ಶಿಗ್ಗಾಂವಿಗೆ ಹೋಗೂಣು. ಡಬ್ಬಿ ಡಾಕ್ಟರಿಗೆ ತೋರಸೂಣು. ಉರಿಗೆ ಬ್ಯಾರೆ ಔಷಧ ಅದಾವು. ನಿಮಗ ರಾತ್ರಿ ಚಂದಾಗಿ ನಿದ್ದಿ ಹತ್ತೂಮಟ ನಾ ಬಿಡಂಗಿಲ್ಲ.”

“ನಿಮ್ಮ ಮಾವಗ ತಿಳದ್ರ ಇಬ್ಬರನ್ನೂ ಆಡಿಕೊಂಡು ನಗ್ತಾನ.”

ಅಷ್ಟರಲ್ಲಿ ಪಡಸಾಲೆಯಿಂದ ಅಜ್ಜಪ್ಪನ ದನಿ ಬಂತು: “ಈ ಥಂಡ್ಯಾಗ ಫ್ಯಾನ್ ಹಚ್ಚಿದವ್ರು ಯಾರು?”

ಫಕ್ಕೀರವ್ವನ ಕೈ ಸ್ವಿಚ್ಚಿನ ಕಡೆ ಹೋಯಿತು. ಶೀಲಾ ಆ ಕೈ ಹಿಡಿದಳು.

“ನಾನ್ರೀ ಮಾವಾರ. ಸೊಳ್ಳಿ ಭಾಳ ಆಗ್ಯಾವು.”

“ಓದಿದವ್ರಿಗೆ ಸೊಳ್ಳಿನೂ ಥಂಡ್ಯಾಗ ಕಡೀತಾವು!”

ಶೀಲಾ ಬಾಗಿಲು ಮುಂದೆ ಮಾಡಿದಳು. ಡಾಕ್ಟರಿಗೆ ಎಲ್ಲವನ್ನೂ ಹೇಳಬೇಕು; ಮನೆಯಲ್ಲಿ, ಓಣಿಯಲ್ಲಿ ಯಾರಿಗೂ ಏನೂ ಹೇಳಬಾರದು. ಹಾಗೆ ನಿಶ್ಚಯಿಸಿ, ಶಾಲನ್ನು ಕಿವಿಯವರೆಗೆ ಎಳೆದುಕೊಂಡು, ತಿರುಗುವ ಫ್ಯಾನಿನ ಕೆಳಗೆ ಅತ್ತೆಯ ಪಕ್ಕ ನಡುಗುತ್ತ ಮಲಗಿದಳು.