ಬಾಯಿಗೆ ಬಂದದ್ದು

ಪಾರ್ಕುಗಳಿಗೆ ಎದೆ ಝಲ್ಲೆನಿಸುವ ರೈಡ್‌ಗಳನ್ನು ತಯಾರಿಸುವ ಕಂಪನಿ ಅದು. ಕೂತವರ ಬಾಯಿಂದ ಏನು ಬರುತ್ತದೆ ಎಂಬುದರ ಮೇಲೆಯೇ ಅಲ್ಲಿ ರೈಡಿನ ಯೋಗ್ಯತೆ ಅಳೆಯುತ್ತಿದ್ದರು. ಬರೀ ಕಿರುಚಿದರೆ ಸಾಧಾರಣ. ‘ಅಮ್ಮಾ’ ಎಂದರೆ ಪರವಾಗಿಲ್ಲ. ಮನೆದೇವರ ಹೆಸರು ಬಂತೆಂದರೆ ಮಾರಾಟಕ್ಕೆ ಸಿದ್ಧ.

ಹತ್ತು ಅಂತಸ್ತಿನ ಎತ್ತರದಿಂದ ಕುರ್ಚಿ ಸಮೇತ ಬೀಳಿಸುವ ಹೊಸ ರೈಡ್ ತಯಾರಾದಾಗ ಮಾಲೀಕರು ಹೆಂಡತಿಯನ್ನೂ ಕರೆತಂದರು.

“ನಾನೇ ಮಾಡ್ಸಿದ್ದು, ನಂಗೇನು ಭಯ? ಒಂದು ಸೊಲ್ಲೂ ಬರಲ್ಲ, ನೋಡ್ತಿರು,” ಎಂದು ಹೆಂಡತಿಗೆ ಹೇಳಿ, ಕುರ್ಚಿಯಲ್ಲಿ ಕೂತು ಬೆಲ್ಟ್ ಬಿಗಿಸಿಕೊಂಡರು.

ಕುರ್ಚಿ ತುದಿಗೇರಿ ಒಂದು ಗಳಿಗೆ ನಿಂತಿತು. ಆಮೇಲೆ ಕಳಚಿಕೊಂಡಂತೆ ಕೆಳಗೆ ಬಿತ್ತು.

“ವಾರಿಜಾ...” ಎಂಬ ಕೂಗಿಗೆ ಶೆಡ್ಡಿನ ತಗಡೆಲ್ಲ ನಡುಗಿತು.

ಹೊಸದಾಗಿ ಸೇರಿದ್ದ ಎಂಜಿನಿಯರ್‌ಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. “ಎಂಥಾ ಪ್ರೀತಿ ಮೇಡಂ. ಪ್ರಾಣ ಹೋಗೋ ಹೊತ್ತಲ್ಲೂ ಸಾರ್ ಬಾಯಿಗೆ ನಿಮ್ಮ ಹೆಸರೇ ಬಂತು,” ಎನ್ನುತ್ತ ಮಾಲೀಕರ ಬೆಲ್ಟ್ ಬಿಚ್ಚಲು ಹೋದ.

ಹೆಂಡತಿ ಅವನ ಕೈ ಹಿಡಿದು ತಡೆದರು.

“ನನ್ನ ಹೆಸರು ಸುಗುಣ ಕಣಪ್ಪ. ಬೆಲ್ಟ್ ಬಿಚ್ಚಬೇಡ, ಇನ್ನೊಂದ್ಸಲ ಮೇಲಕ್ಕೆ ಕಳಿಸು. ಅಡ್ರೆಸ್ಸೂ ಬರ್ಲಿ.”